ಅಡಿಕೆ ಸಿಪ್ಪೆ ಇದ್ದಿಲು ಮಾಡಿ ತೋಟಕ್ಕೆ ಹಾಕಿದವರು ಯಾರಾದರೂ ಇದ್ದೀರಾ?

ಸಿಪ್ಪೆರಾಶಿ, ಶಿರಸಿ

ಕೊಯ್ಲು ಮುಗೀತಾ ಬಂತು. ಅಂಗಳದಂಚಿಗೆ ಮತ್ತೆ ಸಿಪ್ಪೆ ಗುಡ್ಡೆ. ಗೊಬ್ಬರಗುಂಡಿಗೆ ಹಾಕಿದರೆ ಮಳೆಗಾಲ ಕಳೆದರೂ ನಾರು ನಾರಾಗಿಯೇ ಇರುತ್ತದೆ. ನಮ್ಮ ಕಡೆ ಕೆಲವರು ರಾತ್ರಿ ಟ್ರ್ಯಾಕ್ಟರಲ್ಲಿ ತಂದು ರಸ್ತೆ ಬದಿ ಸುರಿದು ಬೆಂಕಿ ಹಚ್ಚಿ ಹೋಗ್ತಾರೆ. ಅದು ಉರಿಯೋದೂ ಇಲ್ಲ, ಆರೋದೂ ಇಲ್ಲ. ಸುಮ್ನೆ ಹೊಗೆ. ಬೈಕಲ್ಲಿ ಹೋಗುವವರಿಗೆ ಕಣ್ಣು ಬಿಡೋಕಾಗಲ್ಲ.

ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಮಾಡಿ ಅಂತ ಒಬ್ಬರು ಹೇಳಿದರು. ಹಾಗೆ ಮಾಡಿದರೆ ಮರಕ್ಕೆ ಹಾಕುವ ಗೊಬ್ಬರ ಕಮ್ಮಿ ಮಾಡಬಹುದಾ? ಸಗಣಿ, ದರಕು (ಉದುರಿದ ಒಣ ಎಲೆ) ಎಲ್ಲ ಸೇರಿಸಿ ಸುಡಬಹುದಾ? ಪುಸ್ತಕದ ಮಾತು ಬೇಡ, ಕೈ ಕಪ್ಪು ಮಾಡಿಕೊಂಡವರು ಹೇಳಿ.

ಮಣ್ಣುಮಸಿ, ಸಿದ್ದಾಪುರ

ನನ್ನ ಕೈ ಕಪ್ಪಾಗಿದೆ, ಹಾಗಾಗಿ ಹೇಳುತ್ತೇನೆ. ಆದರೆ ಪುಸ್ತಕದ ಮಾತೂ ಸ್ವಲ್ಪ ಬೇಕು ಭಾವ, ಇಲ್ಲದಿದ್ದರೆ ಸಗಣಿ ಸುಟ್ಟು ಕೂತುಬಿಡ್ತೀರಿ.

ಗಾಳಿ ಕಮ್ಮಿ ಕೊಟ್ಟು ಸುಟ್ಟರೆ ಇದ್ದಿಲು, ಗಾಳಿ ಜಾಸ್ತಿ ಸಿಕ್ಕರೆ ಬೂದಿ. ಸುಮಾರು 400ರಿಂದ 700 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸಿಪ್ಪೆಯೊಳಗಿನ ಅನಿಲವೆಲ್ಲ ಹೊರಬಂದು ಉರಿದುಹೋಗುತ್ತದೆ. ಉಳಿದದ್ದು ತೂತು ತೂತಾದ ಇಂಗಾಲದ ಗೂಡು. ಪೊಟ್ಯಾಷ್, ರಂಜಕ, ಸುಣ್ಣದಂಶ, ಮೆಗ್ನೀಸಿಯಂ ಇವು ಬಹುಪಾಲು ಅದರಲ್ಲೇ ಉಳಿಯುತ್ತವೆ. ಸಾರಜನಕ ಮಾತ್ರ ನಿಲ್ಲಲ್ಲ. ಅರ್ಧಕ್ಕೂ ಹೆಚ್ಚು ಹೊಗೆಯ ಜೊತೆ ಹೋಗಬಹುದು, ಉಳಿದದ್ದೂ ಗಿಡಕ್ಕೆ ಸುಲಭವಾಗಿ ಸಿಗಲ್ಲ.

ಅದಕ್ಕೇ ಸಗಣಿ ಸುಡೋದು ನಷ್ಟದ ಕೆಲಸ. ಕೊಳೆಯದೆ ಕೂರುವ ಸಿಪ್ಪೆ, ಕಡ್ಡಿ, ಕರಟ ಇವನ್ನು ಸುಡಿ. ಕೊಳೆಯುವ ಸಗಣಿ, ಗಂಜಲ, ಅಡುಗೆಮನೆ ಕಸವನ್ನು ಆ ಇದ್ದಿಲಿಗೆ ಕುಡಿಸಿ. ನಿಮ್ಮ ಪ್ರಶ್ನೆಗೆ ನನ್ನ ಪೂರ್ತಿ ಉತ್ತರ ಇಷ್ಟೇ. ಮಿಕ್ಕಿದ್ದು ವಿವರ.

ಬೆಟ್ಟದಂಚು, ಯಲ್ಲಾಪುರ

ಇದೆಲ್ಲ ಹೊಸದಾ ಮಾರಾಯ್ರೇ? ನಮ್ಮ ಅಜ್ಜ ಸುಡುಮಣ್ಣು ಮಾಡುತ್ತಿದ್ದರು. ಕಸಕಡ್ಡಿ, ದರಕಿನ ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ದಿನಗಟ್ಟಲೆ ಬೇಯಿಸಿ, ಆ ಕಪ್ಪು ಮಣ್ಣನ್ನು ಮಳೆಗಾಲದ ಸೌತೆ, ಹೀರೆ ಬುಡಕ್ಕೆ ಹಾಕೋದು. ಅದನ್ನೇ ಈಗ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಮೇಲೆ ಹಸಿರು ಎಲೆ ಚಿತ್ರ ಹಾಕಿ ಮಾರುತ್ತಾರೆ. ಕಳೆದ ವರ್ಷ ಒಂದು ಕಂಪನಿಯವರ ಚೀಲ ತಂದೆ. ಅರ್ಧ ಬೂದಿ, ಅರ್ಧ ಪುಡಿ. ಚೀಲದ ಮೇಲೆ ಯಾತರಿಂದ ಮಾಡಿದ್ದು ಅಂತಲೂ ಬರೆದಿರಲಿಲ್ಲ. ತೋಟದಲ್ಲಿ ಏನೂ ಬದಲಾಗಲಿಲ್ಲ.

ಮಣ್ಣುಮಸಿ, ಸಿದ್ದಾಪುರ

ಸುಡುಮಣ್ಣು ಹತ್ತಿರದ ನೆಂಟ, ಒಪ್ಪಿದೆ. ಅದರಲ್ಲೂ ಇದ್ದಿಲು ಇರುತ್ತದೆ, ಬೂದಿ ಇರುತ್ತದೆ, ಬೆಂದ ಮಣ್ಣು ಇರುತ್ತದೆ. ಮಣ್ಣೊಳಗಿನ ಹುಳ, ಕಳೆಬೀಜ ಸಾಯುತ್ತವೆ. ಬಳ್ಳಿ ತರಕಾರಿಗೆ ಅದು ಒಳ್ಳೆಯದೇ.

ಅಮೆಜಾನ್ ಕಾಡಿನಲ್ಲೂ ಹೀಗೇ ಒಂದು ಕಥೆ ಇದೆ. ಅಲ್ಲಿನ ಮಣ್ಣು ನಮ್ಮ ಜಂಬಿಟ್ಟಿಗೆ ಗುಡ್ಡದ ಹಾಗೆ ಮಳೆಗೆ ತೊಳೆದುಹೋದ ಬಡ ಮಣ್ಣು. ನಡುನಡುವೆ ಮಾತ್ರ ಕಪ್ಪು ಮಣ್ಣಿನ ತುಂಡುಗಳು. ಬಹುಪಾಲು ಕಡೆ ಸಾವಿರ, ಎರಡು ಸಾವಿರ ವರ್ಷದ ಹಿಂದೆ ಊರು ಮಾಡಿಕೊಂಡಿದ್ದ ಜನರಿಂದ ಆದದ್ದು. ಅಗೆದರೆ ಇದ್ದಿಲು, ಮೀನಿನ ಮುಳ್ಳು, ಎಲುಬು, ಮಡಕೆ ಚೂರು ಸಿಗುತ್ತವೆ. ಬರೀ ಇದ್ದಿಲಿನಿಂದ ಆ ಮಣ್ಣು ಆಗಿಲ್ಲ ಅನ್ನೋದನ್ನು ಗಮನಿಸಿ. ಮನೆ ಕಸ, ಮೀನು, ಮಲಮೂತ್ರ ಎಲ್ಲ ಸೇರಿದೆ.

ನಿಮ್ಮ ಚೀಲದಲ್ಲಿ ಇದ್ದದ್ದು ಒಣ ಇದ್ದಿಲು. ಅದನ್ನು ಹಾಗೇ ಬುಡಕ್ಕೆ ಹಾಕಿದರೆ ಮೊದಲ ವರ್ಷ ಗಿಡ ಸೊರಗಿದರೂ ಆಶ್ಚರ್ಯ ಇಲ್ಲ. ಖಾಲಿ ತೂತುಗಳು ಮಣ್ಣಿನ ಸಾರಜನಕವನ್ನೇ ಹಿಡಿದು ಕೂರುತ್ತವೆ.

ಕೈತೋಟದಕ್ಕ, ಕುಮಟಾ

ನೀವೆಲ್ಲ ದೊಡ್ಡ ಹೊಂಡ, ಡ್ರಮ್ಮು ಅಂತೀರಿ. ನಮ್ಮನೆ ಬಚ್ಚಲ ಒಲೆಯಲ್ಲಿ ದಿನಾ ಇದ್ದಿಲು ಆಗುತ್ತದೆ. ಎಲ್ಲರೂ ಮಿಂದಾದ ಮೇಲೆ ಕೆಂಡವನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ಬೂದಿ. ಅದನ್ನೇ ಇಕ್ಕಳದಲ್ಲಿ ಹೆಕ್ಕಿ ನೀರಿದ್ದ ಹಳೇ ತಗಡಿನ ಬಕೆಟಿಗೆ ಹಾಕಿದರೆ ಇದ್ದಿಲು. ವಾರಕ್ಕೊಂದು ಬುಟ್ಟಿ ಆಗುತ್ತದೆ.

ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಗಂಜಲ ಎಲ್ಲ ಅದರ ಮೇಲೇ ಹೊಯ್ಯುತ್ತೇನೆ. ಹದಿನೈದು ದಿನ ಬಿಟ್ಟು ಕಾಂಪೋಸ್ಟ್ ಜೊತೆ ಕಲಸಿ ಬದನೆ, ಹರಿವೆಗೆ ಹಾಕೋದು. ನಮ್ಮದು ಹೊಯಿಗೆ ಮಣ್ಣು. ಮೊದಲೆಲ್ಲ ನೀರು ಹಾಕಿ ತಿರುಗಿ ನೋಡೋದರೊಳಗೆ ಒಣಗಿರುತ್ತಿತ್ತು. ಈಗ ಬೆಳಿಗ್ಗೆ ಹಾಕಿದ್ದು ಸಂಜೆವರೆಗೆ ತೇವ ಇರುತ್ತದೆ. ಇದಕ್ಕೆ ಖರ್ಚು ಸೊನ್ನೆ.

ಮೀನು ತೊಳೆದ ನೀರು ಹೊಯ್ದರೆ ನಾತ ಬರಲ್ವಾ ಅಂತ ಕೇಳಬೇಡಿ. ಇದ್ದಿಲಿನ ಮೇಲೆ ಹೊಯ್ದರೆ ಬರೋದು ಬಹಳ ಕಮ್ಮಿ. ಬೆಕ್ಕು ಮಾತ್ರ ಬರುತ್ತದೆ.

ಸಿಪ್ಪೆರಾಶಿ, ಶಿರಸಿ

ಅಕ್ಕ, ಇದು ಚಂದ ಆಯ್ತು. ಆದರೆ ನನ್ನ ರಾಶಿ ಬಚ್ಚಲ ಒಲೆಗೆ ಮುಗಿಯೋದಲ್ಲ. ಹೊಂಡದ ಲೆಕ್ಕ ಹೇಳಿ ಯಾರಾದರೂ.

ಕೊಟ್ಟಿಗೆಮನೆ, ಶಿರಸಿ

ಹೊಂಡದ್ದು ನಾನು ಹೇಳುತ್ತೇನೆ. ಮೇಲೆ ಅಗಲ, ಕೆಳಗೆ ಕಿರಿದು, ಆಲಿಕೆ ಆಕಾರದಲ್ಲಿ ತೆಗೆಯಿರಿ. ಬಾಯಿ ನಾಲ್ಕೈದು ಅಡಿ, ಆಳ ಎರಡೂವರೆ ಅಡಿ ಸಾಕು. ಇದೇ ಆಕಾರದ ತಗಡಿನ ಒಲೆಯನ್ನು 2014ರಲ್ಲಿ ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯವರು ಮಾಡಿ, ಕೊನ್-ಟಿಕಿ ಅಂತ ಹೆಸರಿಟ್ಟರು. ಮಣ್ಣಲ್ಲೇ ತೆಗೆದರೆ ತಗಡೂ ಬೇಡ.

ತಳದಲ್ಲಿ ಒಣ ಕಡ್ಡಿ ಇಟ್ಟು ಮೇಲಿಂದ ಬೆಂಕಿ ಹಚ್ಚಿ. ಕೆಂಡ ಆಗಿ ಮೇಲೆ ಬಿಳಿ ಬೂದಿ ಕಾಣಿಸಿದ ಕೂಡಲೇ ಇನ್ನೊಂದು ತೆಳು ಪದರ ಹಾಕಿ. ಅದರ ಜ್ವಾಲೆ ಗಾಳಿಯನ್ನೆಲ್ಲ ತಾನೇ ತಿಂದುಬಿಡುತ್ತದೆ, ಕೆಳಗಿನ ಕೆಂಡಕ್ಕೆ ಗಾಳಿ ಸಿಗದೆ ಅದು ಇದ್ದಿಲಾಗಿಯೇ ಉಳಿಯುತ್ತದೆ. ಹೀಗೆ ಪದರ ಪದರವಾಗಿ ಹೊಂಡ ತುಂಬೋ ತನಕ. ಪಕ್ಕದಲ್ಲಿ ನಿಂತೇ ಇರಬೇಕು. ಊಟಕ್ಕೆ ಹೋಗಿ ಬರ್ತೇನೆ ಅಂದರೆ ಬೂದಿ ಸಿಗುತ್ತದೆ.

ಸಿಪ್ಪೆ ಮಾತ್ರ ಚೆನ್ನಾಗಿ ಒಣಗಿರಬೇಕು. ಚಾಲಿ (ಒಣಗಿಸಿ ಸುಲಿಯುವ ಅಡಿಕೆ) ಸುಲಿದ ಸಿಪ್ಪೆ ಆದರೆ ತೊಂದರೆ ಇಲ್ಲ, ಕಟಕಟ ಅಂತಿರುತ್ತದೆ. ಕೆಂಪಡಿಕೆ ಮಾಡೋರ ಹಸಿ ಸಿಪ್ಪೆ ತೂಕಕ್ಕೆ ನೀರೇ ಜಾಸ್ತಿ. ಹಸಿ ಅಡಿಕೆ ತೂಕದಲ್ಲಿ ನೂರಕ್ಕೆ 60ರಿಂದ 80 ಪಾಲು ಸಿಪ್ಪೆಯೇ ಅಂತ ಲೆಕ್ಕ, ಅಷ್ಟನ್ನೂ ಮೊದಲು ಬಿಸಿಲಿಗೆ ಹರಡಿ ಒಣಗಿಸಬೇಕು. ಬರೀ ಸಿಪ್ಪೆ ಹಾಕಿದರೆ ಒತ್ತಾಗಿ ಕೂತು ಹೊಗೆಯಾಡುತ್ತದೆ. ಗ್ಲಿರಿಸಿಡಿಯಾ ಕಡ್ಡಿ, ಒಣಗಿದ ಸೋಗೆದಂಡು, ಕಾಳುಮೆಣಸಿನ ಒಣ ಬಳ್ಳಿ ನಡುನಡುವೆ ಹಾಕಿ. ಜ್ವಾಲೆ ಇದ್ದರೆ ಹೊಗೆ ಇಲ್ಲ. ಹೊಗೆ ಬಂತು ಅಂದರೆ ಹಸಿ ಹಾಕಿದ್ದೀರಿ, ಇಲ್ಲಾ ಒಮ್ಮೆಲೇ ಜಾಸ್ತಿ ಹಾಕಿದ್ದೀರಿ.

ಕೊನೆಗೆ ನೀರು. ಕೆಳಗಿಂದ ಮೇಲೆ ಪೂರ್ತಿ ನೆನೆಯಬೇಕು. ಮೇಲೆ ಮೇಲೆ ಚಿಮುಕಿಸಿದರೆ ಒಳಗೆ ಕೆಂಡ ಉಳಿದು, ರಾತ್ರಿ ಮತ್ತೆ ಹೊತ್ತಿಕೊಂಡು, ಬೆಳಿಗ್ಗೆ ನೋಡಿದರೆ ಅರ್ಧ ಹೊಂಡ ಬಿಳಿ ಆಗಿರುತ್ತದೆ. ನೀರು ಹೊಯ್ಯುವಾಗ ಒಂದು ಹೆಜ್ಜೆ ಹಿಂದೆ ನಿಂತುಕೊಳ್ಳಿ, ಆವಿ ಮುಖಕ್ಕೇ ಬರುತ್ತದೆ. ತಣಿದ ಮೇಲೆ ಒಂದು ಹಿಡಿ ಒಣಗಿಸಿ ಕಲ್ಲಿನ ಮೇಲೆ ಸುರಿದು ನೋಡಿ. ಚೆನ್ನಾಗಿ ಬೆಂದ ಕಡ್ಡಿ ಇದ್ದಿಲು ಒಡೆದ ಬಳೆ ಚೂರಿನ ಹಾಗೆ ಕಿಣಿ ಕಿಣಿ ಅನ್ನುತ್ತದೆ. ಕೈಗೆ ಹಚ್ಚಿಕೊಂಡು ಬರೀ ನೀರಲ್ಲಿ ತೊಳೆದರೆ ಹೋಗಬೇಕು. ಜಿಡ್ಡು ಜಿಡ್ಡಾಗಿ ಅಂಟಿಕೊಂಡು ಸೋಪು ಕೇಳಿದರೆ ಅದು ಅರೆಬೆಂದದ್ದು, ಒಳಗೆ ಟಾರು ಇದೆ. ಅದನ್ನು ಮುಂದಿನ ಸಲದ ಬೆಂಕಿಗೆ ಹಾಕಿ.

ಒಣ ತೂಕದ ನಾಲ್ಕನೇ ಅಥವಾ ಐದನೇ ಒಂದು ಪಾಲು ಇದ್ದಿಲು ಸಿಗುತ್ತದೆ. ಜಾಸ್ತಿ ಆಸೆ ಬೇಡ.

ಬೆಟ್ಟದಂಚು, ಯಲ್ಲಾಪುರ

ದರಕನ್ನೂ ಹೀಗೇ ಸುಟ್ಟರೆ ಆಗಲ್ವಾ? ಬೆಟ್ಟದಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಬೇಸಿಗೆಯಲ್ಲಿ ಹೇಗೂ ಬೆಂಕಿ ಬೀಳುತ್ತದೆ.

ಕೊಟ್ಟಿಗೆಮನೆ, ಶಿರಸಿ

ಬೇಡವೇ ಬೇಡ. ದರಕು ಅಂದರೆ ಕೊಟ್ಟಿಗೆಗೆ ಹಾಸಿಗೆ, ತೋಟಕ್ಕೆ ಹೊದಿಕೆ. ಅದು ತಾನೇ ಕೊಳೆತು ಗೊಬ್ಬರ ಆಗುತ್ತದೆ. ಸೊಪ್ಪಿನ ಬೆಟ್ಟದಿಂದ ಹೊತ್ತು ತರುವುದು ಈಗಲೇ ಜಾಸ್ತಿ ಆಯ್ತು, ಬೆಟ್ಟದ ಮಣ್ಣು ಬರಿದಾಗ್ತಿದೆ ಅಂತ ಎಲ್ಲರಿಗೂ ಗೊತ್ತು. ಇನ್ನು ಸುಡೋದಕ್ಕೂ ತಂದರೆ ಮುಗೀತು. ಫೆಬ್ರವರಿ, ಮಾರ್ಚಲ್ಲಿ ಬೆಟ್ಟದ ಹತ್ತಿರ ಬೆಂಕಿ ಹಚ್ಚೋ ಮಾತು ಆಡಲೂ ಬಾರದು. ಏನೇ ಇದ್ದರೂ ಅಂಗಳದಲ್ಲಿ, ನೀರು ಪಕ್ಕದಲ್ಲಿ.

ಮಣ್ಣುಮಸಿ, ಸಿದ್ದಾಪುರ

ಇದಕ್ಕೆ ನನ್ನದೂ ಒಂದು ಸಹಿ.

ಇನ್ನು ಇದ್ದಿಲನ್ನು ತುಂಬಿಸೋ ವಿಷಯ. ನಮ್ಮ ಕಡೆ ಗೋಬರ್ ಗ್ಯಾಸ್ ಇರುವ ಮನೆ ಬಹಳ. ಹೊರಗೆ ಬರುವ ಬಗ್ಗಡ ಮಳೆಗಾಲದಲ್ಲಿ ಹಳ್ಳಕ್ಕೆ ಹೋಗುತ್ತದೆ, ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿ ಸಾರಜನಕ ಆವಿಯಾಗುತ್ತದೆ. ಬಗ್ಗಡದ ಗುಂಡಿಗೇ ಇದ್ದಿಲು ಹಾಕಿ. ಕೊಟ್ಟಿಗೆಯಲ್ಲೂ ದರಕಿನ ಅಡಿಗೆ ನಾಲ್ಕು ಮುಷ್ಟಿ ಹರಡಿ. ಗಂಜಲದ ಘಾಟು ಅಂದರೆ ಅಮೋನಿಯಾ. ಮೂಗಿಗೆ ಬಡಿಯಿತು ಅಂದರೆ ನೀವು ದುಡ್ಡು ಕೊಟ್ಟು ತರುವ ಯೂರಿಯಾ ಯಾವುದೋ ಅದೇ ಸಾರಜನಕ ಗಾಳಿಗೆ ಹೋಗ್ತಾ ಇದೆ. ಇದ್ದಿಲು ಅದರಲ್ಲಿ ಒಂದಷ್ಟನ್ನು ಹಿಡಿದಿಡುತ್ತದೆ. ಬೆಳಿಗ್ಗೆ ಹಾಲು ಕರೆಯಲು ಕೂತವರಿಗೇ ವ್ಯತ್ಯಾಸ ಗೊತ್ತಾಗುತ್ತದೆ, ಪರೀಕ್ಷೆ ಬೇಕಿಲ್ಲ.

2015ರಲ್ಲಿ ನೇಪಾಳದಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. ಹಸುವಿನ ಗಂಜಲ ಕುಡಿಸಿದ ಇದ್ದಿಲನ್ನು ಕುಂಬಳದ ಬುಡಕ್ಕೆ ಹಾಕಿದರು, ಹೆಕ್ಟೇರಿಗೆ ಬರೀ 750 ಕೆ.ಜಿ. ಇದ್ದಿಲು. ಗಂಜಲ ಮಾತ್ರ ಹಾಕಿದ ಸಾಲಿಗಿಂತ ನಾಲ್ಕು ಪಟ್ಟು ಇಳುವರಿ. ಬರೀ ಇದ್ದಿಲು ಹಾಕಿದ್ದಕ್ಕಿಂತಲೂ ತುಂಬ ಜಾಸ್ತಿ. ಕುಂಬಳ ಅಡಿಕೆ ಅಲ್ಲ, ಒಂದು ಪ್ರಯೋಗ ಹತ್ತು ಊರಿಗೆ ಆಗೋದೂ ಇಲ್ಲ. ಆದರೆ ಗಂಜಲ ಮತ್ತು ಇದ್ದಿಲು ಜೊತೆಯಾಗಿ ಮಾಡುವ ಕೆಲಸವನ್ನು ಬೇರೆ ಬೇರೆಯಾಗಿ ಮಾಡಲ್ಲ ಅನ್ನೋದಕ್ಕೆ ಅದು ಸಾಕು.

ಹೊಯಿಗೆದಂಡೆ, ಕಾರವಾರ

ಘಟ್ಟದ ಮೇಲಿನವರ ಅಡಿಕೆ ಪುರಾಣದ ನಡುವೆ ನಮ್ಮದೂ ಇರಲಿ. ಇಲ್ಲಿ ಸಿಪ್ಪೆ ಇಲ್ಲ, ಮೀನು ಇದೆ. ಮಾರ್ಕೆಟ್ಟಿನ ಮೀನಿನ ತಲೆ, ಕರುಳು, ಪೊರೆ ಎಲ್ಲ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾ? ಹಿಂದೆ ತೆಂಗಿನ ಬುಡಕ್ಕೆ ತಾರ್ಲೆ ಮೀನು ಹೂಳುತ್ತಿದ್ದರು. ಈಗ ನಾಯಿ ಅಗೆದು ಹಾಕುತ್ತದೆ ಅಂತ ಬಿಟ್ಟರು.

ನಾನು ಕರಟ ಮತ್ತು ಗಾಳಿಮರದ ಕಡ್ಡಿ ಇದ್ದಿಲು ಮಾಡಿ, ಮೀನಿನ ಕಸದ ಜೊತೆ ಪದರ ಪದರವಾಗಿ ಡ್ರಮ್ಮಿನಲ್ಲಿ ಹಾಕುತ್ತೇನೆ. ಕೆಳಗೆ ಇದ್ದಿಲು, ಮೇಲೆ ಮೀನು, ಮತ್ತೆ ಇದ್ದಿಲು, ಒಣ ಎಲೆ, ಒಂದು ಪದರ ಹಳೇ ಗೊಬ್ಬರ. ಮುಚ್ಚಳಕ್ಕೆ ಕಲ್ಲು. ಮುಳ್ಳು ಮಾತ್ರ ಬೇಗ ಕರಗಲ್ಲ, ಆದರೆ ಅದರಲ್ಲೇ ರಂಜಕ ಮತ್ತು ಸುಣ್ಣ ಇರೋದು, ಬಿಸಾಕಬೇಡಿ.

ಒಂದು ಎಚ್ಚರ. ಒಣಮೀನಿನ ಕಸ ಬೇಡ, ಅದರಲ್ಲಿ ಉಪ್ಪೇ ಉಪ್ಪು. ಹಿನ್ನೀರಿನಲ್ಲಿ ನೆನೆಹಾಕಿದ ತೆಂಗಿನ ಸಿಪ್ಪೆಯನ್ನೂ ಸುಡಬೇಡಿ. ಉಪ್ಪು ಬೆಂಕಿಗೆ ಹೋಗಲ್ಲ, ಇದ್ದಿಲಲ್ಲೇ ಕೂರುತ್ತದೆ. ಗೋಡಂಬಿ ಕಾರ್ಖಾನೆಯ ಸಿಪ್ಪೆ ಯಾರಾದರೂ ಪುಕ್ಕಟೆ ಕೊಡ್ತೇನೆ ಅಂದರೂ ತರಬೇಡಿ. ಅದರ ಎಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಹೊಗೆ ಇನ್ನೂ ಕೆಟ್ಟದ್ದು.

ಗಜನಿಗದ್ದೆ, ಕುಮಟಾ

ನಮ್ಮ ಅಘನಾಶಿನಿ ದಂಡೆ ಗಜನಿಗೆ ಇದು ಆಗುತ್ತದಾ? ಕಗ್ಗ ಭತ್ತ ಬೆಳೆಯೋ ಜಾಗ. ಉಪ್ಪುನೀರು ಬಂದು ಹೋಗುತ್ತದೆ.

ಮಣ್ಣುಮಸಿ, ಸಿದ್ದಾಪುರ

ಅಲ್ಲಿಗೆ ಯಾಕಣ್ಣ? ಭರತದ ಜೊತೆ ಕೆಸರು ತಾನೇ ಬಂದು ಕೂರುತ್ತದೆ, ಕಗ್ಗಕ್ಕೆ ಹೊರಗಿನ ಗೊಬ್ಬರವನ್ನೇ ಹಾಕದ ಪದ್ಧತಿ ನಿಮ್ಮದು. ಇದ್ದಿಲು ತೇಲಿ ಹೊಳೆಗೆ ಹೋಗುತ್ತದೆ ಅಷ್ಟೇ. ಮನೆ ಹಿತ್ತಿಲಿಗೆ ಹಾಕಿ.

ಸಿಪ್ಪೆರಾಶಿ, ಶಿರಸಿ

ಒಂದು ಮರಕ್ಕೆ ಎಷ್ಟು ಹಾಕಬೇಕು? ಎಲೆಚುಕ್ಕಿ ರೋಗಕ್ಕೂ ಇದು ಮದ್ದು ಅಂತ ಒಂದು ವಿಡಿಯೋದಲ್ಲಿ ಹೇಳ್ತಿದ್ದರು, ಹೌದಾ?

ಮಣ್ಣುಮಸಿ, ಸಿದ್ದಾಪುರ

ಎಲೆಚುಕ್ಕಿಗೆ ಇದ್ದಿಲು ಮದ್ದಲ್ಲ. ಹಾಗೆ ಹೇಳಿ ಯಾರಾದರೂ ಮಾರಿದರೆ ಬಾಗಿಲು ತೋರಿಸಿ.

ಪ್ರಮಾಣಕ್ಕೆ ಬರೋಣ. ಹೆಕ್ಟೇರಿಗೆ 10 ಟನ್, 20 ಟನ್ ಅಂತೆಲ್ಲ ಪ್ರಯೋಗಗಳಲ್ಲಿ ಹಾಕುತ್ತಾರೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. 10 ಟನ್ ಅಂದರೆ ಮರಕ್ಕೆ 7 ಕೆ.ಜಿ. ದಾಟುತ್ತದೆ. ಅಷ್ಟು ಇದ್ದಿಲಿಗೆ ಸಿಪ್ಪೆ ಎಲ್ಲಿಂದ ತರ್ತೀರಿ? ವರ್ಷಕ್ಕೆ ಮರಕ್ಕೆ ಅರ್ಧದಿಂದ ಒಂದು ಕೆ.ಜಿ., ಅದೂ ಗೊಬ್ಬರದ ಜೊತೆ ಕಲಸಿ, ಸಾಕು. ಇದ್ದಿಲು ಮಣ್ಣಲ್ಲಿ ನೂರಾರು ವರ್ಷ ಉಳಿಯುತ್ತದೆ, ಹಾಗಾಗಿ ಈ ವರ್ಷ ಹಾಕಿದ್ದರ ಮೇಲೆ ಮುಂದಿನ ವರ್ಷದ್ದು ಸೇರುತ್ತಾ ಹೋಗುತ್ತದೆ. ಆತುರ ಇಲ್ಲ.

ಗೊಬ್ಬರ ಕಮ್ಮಿ ಮಾಡಬಹುದಾ ಅಂತ ಮೊದಲೇ ಕೇಳಿದ್ದಿರಿ. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ಶಿಫಾರಸು ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140, ಜೊತೆಗೆ 12 ಕೆ.ಜಿ. ಹಸಿರು ಸೊಪ್ಪು, 12 ಕೆ.ಜಿ. ಕಾಂಪೋಸ್ಟ್. ನೋಡಿ, ಅಡಿಕೆ ಅತಿ ಜಾಸ್ತಿ ಕೇಳೋದು ಪೊಟ್ಯಾಷ್. ಸಿಪ್ಪೆ ರಸ್ತೆ ಬದಿಗೆ ಹೋದರೆ ಆ ಪೊಟ್ಯಾಷ್ ಮಳೆನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಇದ್ದಿಲಾಗಿ ತೋಟಕ್ಕೆ ಬಂದರೆ ಬಹುಪಾಲು ವಾಪಸ್. ಸಾರಜನಕಕ್ಕೆ ಮಾತ್ರ ಕೊಟ್ಟಿಗೆಯೇ ಗತಿ. ಮೊದಲ ವರ್ಷ ಏನನ್ನೂ ಕಮ್ಮಿ ಮಾಡಬೇಡಿ. ಮಣ್ಣು ಪರೀಕ್ಷೆ ಮಾಡಿಸಿ, ನಾಲ್ಕು ಸಾಲಿಗೆ ಹಾಕಿ, ನಾಲ್ಕು ಸಾಲಿಗೆ ಬಿಡಿ.

ಇನ್ನೊಂದು. ನಮ್ಮ ಮಣ್ಣು ಹುಳಿ. ಇಷ್ಟು ಮಳೆ ಬಂದರೆ ಸುಣ್ಣದಂಶ ನಿಲ್ಲೋದೆಲ್ಲಿ? ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಬಿಗಿಯುತ್ತವೆ. ಇದ್ದಿಲು ಕ್ಷಾರ, ಪಿ.ಎಚ್. ಸಾಮಾನ್ಯವಾಗಿ 8ರಿಂದ 10. ಸ್ವಲ್ಪ ಸ್ವಲ್ಪವಾಗಿ ಹುಳಿ ಇಳಿಯುತ್ತದೆ. 2017ರಲ್ಲಿ ಜಗತ್ತಿನ ಬೇರೆ ಬೇರೆ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಉಷ್ಣ ವಲಯದಲ್ಲಿ ಸರಾಸರಿ ಶೇ. 25 ಇಳುವರಿ ಏರಿತ್ತು, ಚಳಿ ದೇಶಗಳಲ್ಲಿ ಏನೂ ಏರಿರಲಿಲ್ಲ. ಅಲ್ಲಿನ ಮಣ್ಣು ಮೊದಲೇ ಹದವಾಗಿದೆ, ಗೊಬ್ಬರವೂ ಬೇಕಾದಷ್ಟು ಬೀಳುತ್ತದೆ. ಹುಳಿ ಮಣ್ಣಿನ, ಮಳೆಗೆ ತೊಳೆದ ನಮ್ಮಂಥವರಿಗೇ ಇದರ ಉಪಯೋಗ ಜಾಸ್ತಿ. ಬುಡಕ್ಕೆ ವರ್ಷ ವರ್ಷ ಸುಣ್ಣ ಸುರಿಯುವವರು ಮಾತ್ರ ಪರೀಕ್ಷೆ ಮಾಡಿಸದೆ ಇದನ್ನೂ ಸೇರಿಸಬೇಡಿ.

ಕೊನೆಗೌಡರ ಮಗ, ಸಿದ್ದಾಪುರ

ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಹೊಡೆದು ನಮ್ಮ ತೋಟದ ಮಣ್ಣಲ್ಲಿ ತಾಮ್ರ ತುಂಬಿದೆ ಅಂತಾರಲ್ಲ, ಅದಕ್ಕೆ?

ಮಣ್ಣುಮಸಿ, ಸಿದ್ದಾಪುರ

ಒಳ್ಳೇ ಪ್ರಶ್ನೆ ತಮ್ಮಾ. ಮೈಲುತುತ್ತದ ತಾಮ್ರ ಎಲ್ಲಿಗೂ ಹೋಗಲ್ಲ, ಮೇಲ್ಮಣ್ಣಲ್ಲೇ ಸೇರುತ್ತದೆ. ಇದ್ದಿಲು ತಾಮ್ರವನ್ನು ಅಂಟಿಸಿಕೊಳ್ಳುತ್ತದೆ, ಎರೆಹುಳಕ್ಕೆ, ಬೇರಿಗೆ ಅದರ ಕಾಟ ಕಮ್ಮಿ ಆಗುತ್ತದೆ. ತಾಮ್ರ ಮಾಯ ಆಗಲ್ಲ, ಕಟ್ಟಿಹಾಕಿದ ಹಾಗೆ.

ಬೆಟ್ಟದಂಚು, ಯಲ್ಲಾಪುರ

ಸರಿ, ನಾನೂ ಮನೆಯಲ್ಲೇ ಮಾಡಿ ನೋಡುತ್ತೇನೆ. ಆದರೆ ಕಾರ್ಬನ್ ಕ್ರೆಡಿಟ್ (ಇಂಗಾಲ ಗಾಳಿಗೆ ಬಿಡದೆ ಹಿಡಿದಿಟ್ಟದ್ದಕ್ಕೆ ಸಿಗುವ ದುಡ್ಡು) ಕೊಡಿಸ್ತೇವೆ, ಸಹಿ ಹಾಕಿ ಅಂತ ಒಬ್ಬರು ಬಂದಿದ್ದರು. ಅದು ನಿಜವಾ?

ಕೊಟ್ಟಿಗೆಮನೆ, ಶಿರಸಿ

ವ್ಯವಸ್ಥೆ ಇರೋದು ನಿಜ. ಇದ್ದಿಲಿನ ಇಂಗಾಲ ಗಾಳಿಗೆ ಬೇಗ ಹೋಗಲ್ಲ ಅಂತಲೇ ಅದಕ್ಕೆ ಬೆಲೆ. ಆದರೆ ತೂಕ, ತೇವ, ಫೋಟೋ, ಎಲ್ಲಿ ಹಾಕಿದಿರಿ ಅನ್ನೋ ದಾಖಲೆ, ಪ್ರಯೋಗಾಲಯದ ವರದಿ ಎಲ್ಲ ಬೇಕು. ಒಂದೆರಡು ಎಕರೆಯವರಿಗೆ ಒಬ್ಬೊಬ್ಬರಾಗಿ ಗಿಟ್ಟಲ್ಲ. ಸಂಘ ಮಾಡಿಕೊಂಡರೆ ಮಾತು ಬೇರೆ. ಸಹಿ ಹಾಕುವ ಮುಂಚೆ ಒಪ್ಪಂದ ಎಷ್ಟು ವರ್ಷಕ್ಕೆ, ದುಡ್ಡಲ್ಲಿ ನಿಮ್ಮ ಪಾಲೆಷ್ಟು, ನಡುವೆ ಬಿಟ್ಟರೆ ಏನು ಅಂತ ಕನ್ನಡದಲ್ಲೇ ಬರೆಸಿಕೊಳ್ಳಿ. ಸಿಪ್ಪೆ ಸಾಕಾಗದೆ ಮರ ಕಡಿದು ಸುಡೋ ಪರಿಸ್ಥಿತಿ ಬಂದರೆ ಅವತ್ತೇ ನಿಲ್ಲಿಸಿ.

ಸಿಪ್ಪೆರಾಶಿ, ಶಿರಸಿ

ಎಲ್ಲರಿಗೂ ಉಪಕಾರ ಆಯ್ತು. ಸಿಪ್ಪೆ ಹರಡಿ ಒಣಗಿಸ್ತೇನೆ, ಶಿವರಾತ್ರಿ ಕಳೆದ ಮೇಲೆ ಹೊಂಡ. ಇದ್ದಿಲು ಬಗ್ಗಡದ ಗುಂಡಿಗೆ, ಮಳೆ ಶುರುವಾಗೋ ಮುಂಚೆ ಸೊಪ್ಪಿನ ಜೊತೆ ಬುಡಕ್ಕೆ. ಮೊದಲು ತೋಟದ ಕೆಳಗಿನ ಬಣ್ಣದ (ತುಂಡಿನ) ನಾಲ್ಕು ಸಾಲು ಮಾತ್ರ. ಇದ್ದಿಲು ಪುಡಿ ಮಾಡೋದು ಹೇಗೆ? ಒರಳಲ್ಲಿ ಕುಟ್ಟಲು ಮನೆಯವರು ಬಿಡಲ್ಲ.

ಕೊಟ್ಟಿಗೆಮನೆ, ಶಿರಸಿ

ಒರಳು ಬೇಡ ಭಾವ, ಪುಣ್ಯ ಬರುತ್ತದೆ! ಒದ್ದೆ ಇರುವಾಗಲೇ ಗೋಣಿಚೀಲಕ್ಕೆ ತುಂಬಿ ಅಂಗಳದಲ್ಲಿಟ್ಟು ತುಳಿಯಿರಿ. ಅರ್ಧ ಇಂಚಿಗಿಂತ ಚಿಕ್ಕದಾದರೆ ಸಾಕು, ಹಿಟ್ಟು ಆಗೋದು ಬೇಡ. ಸಿಪ್ಪೆಯದ್ದು ಹೇಗೂ ಮೆತ್ತಗೆ, ಬೇಗ ಪುಡಿಯಾಗುತ್ತದೆ. ಒಣಗಿದ್ದನ್ನು ಕುಟ್ಟಿದರೆ ಧೂಳು ನೇರ ಎದೆಗೆ ಹೋಗುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಾಲದು.

ಮತ್ತೆ ಹೊಂಡವನ್ನು ಹುಲ್ಲು ಗೊಣಬೆಯಿಂದ ದೂರ ತೆಗೆಯಿರಿ, ಮೇಲೆ ಮಾವಿನ ಟೊಂಗೆ ಇರದ ಜಾಗ ನೋಡಿ. ಅವತ್ತಿನದು ಅವತ್ತೇ ಮನೆಯೊಳಗೆ, ಅಟ್ಟಕ್ಕೆ ತಂದು ಇಡಬೇಡಿ. ಒಂದೆರಡು ದಿನ ಹೊರಗೇ ಒದ್ದೆಯಾಗಿ ಇರಲಿ. ಹೊಂಡ ಹಾಕೋ ದಿನ ಮೊದಲೇ ಹೇಳಿ, ನಾನೂ ಬರ್ತೇನೆ. ನೀರಿನ ಪೈಪು ಮಾತ್ರ ಹೊಂಡದವರೆಗೆ ಮುಟ್ಟುತ್ತದಾ ನೋಡಿಕೊಳ್ಳಿ.